ತವರಿನ ನೆನಪು, ಗರತಿಯ ಹೆಸರು: ಜನಪದ ಆಕರಗಳಲ್ಲಿ ಹೆಣ್ಣುಮಗುವಿನ ಬಾಲ್ಯ

ಕನ್ನಡದ ಆಡುಮಾತಿನಲ್ಲಿ ಮದುವೆಯಾಗದ ಹುಡುಗಿ ತಾನಿರುವ ಮನೆಯನ್ನು 'ತವರು' ಎನ್ನುವುದಿಲ್ಲ. ಅದು ಅವಳಿಗೆ ಬರೀ ಮನೆ. ಮದುವೆಯಾಗಿ ಹೊಸ್ತಿಲು ದಾಟಿದ ದಿನದಿಂದ ಅದೇ ಮನೆ ತವರಾಗುತ್ತದೆ. ಹೆಣ್ಣಿನ ಬಾಲ್ಯಕ್ಕೆ ಆಸರೆಯಾದ ಸ್ಥಳವನ್ನು ಹೆಸರಿಸುವ ಪದ, ಆ ಸ್ಥಳವನ್ನು ಬಿಟ್ಟ ಮೇಲೆಯೇ ಅವಳ ಬಾಯಿಗೆ ಬರುತ್ತದೆ ಎಂಬುದು ಕೇವಲ ಶಬ್ದಾರ್ಥದ ಸಂಗತಿಯಲ್ಲ. ಹುಟ್ಟಿದ ಮನೆಯಲ್ಲಿಯೇ ಉಳಿಯುವ ಗಂಡಿಗೆ ಈ ಪದದ ಅಗತ್ಯವೇ ಬೀಳುವುದಿಲ್ಲ. (ಊರು, ನಾಡುಗಳಿಗೆ 'ಕಲೆಯ ತವರು' ಎಂದು ಹೇಳುವ ವೇದಿಕೆಯ ಮಾತು ಬೇರೆ.)

ಜನಪದ ತ್ರಿಪದಿಗಳಲ್ಲಿ ಹೆಣ್ಣುಮಗುವಿನ ಬಾಲ್ಯವನ್ನು ಹುಡುಕಹೊರಟವರಿಗೆ ಈ ಪದದ ಸ್ವಭಾವವೇ ಹಾಡುಗಳ ಸ್ವಭಾವವೂ ಆಗಿರುವುದು ಕಾಣುತ್ತದೆ. ಒಂದು ಕಡೆ ತೊಟ್ಟಿಲ ಹಾಡುಗಳಿವೆ. ಅಲ್ಲಿ ಮಾತನಾಡುವವಳು ತಾಯಿ. ಇನ್ನೊಂದು ಕಡೆ ತವರಿನ ಹಂಬಲದ ಹಾಡುಗಳಿವೆ. ಅಲ್ಲಿ ಮಾತನಾಡುವವಳು ಸೊಸೆ. ಅಣ್ಣ ಕರೆಯಲು ಬರುವ ದಾರಿ, ಹಬ್ಬಕ್ಕೆ ಕಟ್ಟಿದ ಜೋಕಾಲಿ, ಹಡೆದವ್ವನ ಮಡಿಲು ಇವೆಲ್ಲ ಗಂಡನ ಮನೆಯ ಬೀಸುವ ಕಲ್ಲಿನ ಮುಂದೆ ಕುಳಿತು ನೆನೆದ ಚಿತ್ರಗಳು. ತೊಟ್ಟಿಲು ಮತ್ತು ಬೀಸುವ ಕಲ್ಲಿನ ನಡುವಿನ ವರ್ಷಗಳಲ್ಲಿ ಹುಡುಗಿ ತಾನೇ ತನ್ನ ವರ್ತಮಾನವನ್ನು ಹಾಡಿಕೊಂಡ ಹಾಡುಗಳು ವಿರಳ. ಸಂಗ್ರಹಕಾರರ ಉಪೇಕ್ಷೆಯೊಂದೇ ಇದಕ್ಕೆ ಕಾರಣವಲ್ಲ. ಆ ನಡುವಿನ ಕಾಲವೇ ಅತ್ಯಂತ ಮೊಟಕಾಗಿತ್ತು.

ಎಷ್ಟು ಮೊಟಕಾಗಿತ್ತು ಎಂಬುದನ್ನು ಶಾಸನಗಳು ಪರೋಕ್ಷವಾಗಿ ತಿಳಿಸುತ್ತವೆ. ಮೈಸೂರು ಸಂಸ್ಥಾನವು 1894ರಲ್ಲಿ ಜಾರಿಗೆ ತಂದ ಬಾಲ್ಯವಿವಾಹ ಪ್ರತಿಬಂಧಕ ಕಾನೂನು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ಮೀರಿದ ಗಂಡಸಿಗೆ ಕೊಡುವುದನ್ನೂ ತಡೆಯಿತು. ಅಂದಿನ ಮಟ್ಟಿಗೆ ಇದು ಮುಂದುವರಿದ ಹೆಜ್ಜೆಯೇ ಸರಿ. ಆದರೆ ಎಂಟು ವರ್ಷವೆಂಬ ಗಡಿಯನ್ನು ಕಾನೂನಿನ ಬಲದಿಂದ ಕಾಯಬೇಕಾಗಿತ್ತು ಎಂಬುದೇ ಅಂದಿನ ರೂಢಿಯ ಸಾಕ್ಷ್ಯ. ಬ್ರಿಟಿಷ್ ಆಡಳಿತಕ್ಕೆ ಸೇರಿದ್ದ ಧಾರವಾಡ, ಬಿಜಾಪುರ, ಬಳ್ಳಾರಿ, ದಕ್ಷಿಣ ಕನ್ನಡಗಳಿಗೆ 1929ರ ಶಾರದಾ ಕಾಯಿದೆ ಅನ್ವಯಿಸಿತು. 1930ರ ಏಪ್ರಿಲ್ 1ರಿಂದ ಅಲ್ಲಿ ಹುಡುಗಿಯ ಮದುವೆಗೆ ಕನಿಷ್ಠ ವಯಸ್ಸು ಹದಿನಾಲ್ಕಾಯಿತು. ಅದು ಹದಿನೆಂಟಕ್ಕೆ ಏರಿದ್ದು 1978ರ ತಿದ್ದುಪಡಿಯಿಂದ. ಈ ಅಂಕಿಗಳ ನಡುವೆ ಹೆಣ್ಣಿನ ಬಾಲ್ಯವು ಕಾಗದದ ಮೇಲೆ ಹತ್ತು ವರ್ಷಗಳಷ್ಟು ಉದ್ದವಾಯಿತು. ಆದರೆ ಆ ಬಾಲ್ಯವನ್ನು ತುಂಬಿದ ಶಿಕ್ಷಣದ ಸ್ವರೂಪ ಅಷ್ಟೇ ವೇಗದಲ್ಲಿ ಬದಲಾಗಲಿಲ್ಲ.

ಇಲ್ಲಿ ಶಿಕ್ಷಣವೆಂದರೆ ಶಾಲೆಯಲ್ಲ. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯಂತಹ ಸಂಸ್ಥೆಗಳು ಬಹುಕಾಲ ನಗರದ ಕೆಲವೇ ಮನೆತನಗಳಿಗೆ ಸಂಬಂಧಿಸಿದವು. ಹಳ್ಳಿಯ ಹುಡುಗಿಯ ಮೊದಲ ಗುರು ಬೀಸುವ ಕಲ್ಲು. ನಸುಕಿನಲ್ಲಿ ತಾಯಿಯ ಎದುರು ಕುಳಿತು ಅದೇ ಗೂಟಕ್ಕೆ ಕೈಹಚ್ಚುವ ಮಗಳು ಮೂರು ಸಂಗತಿಗಳನ್ನು ಒಟ್ಟಿಗೆ ಕಲಿಯುತ್ತಿದ್ದಳು: ಕೆಲಸದ ಲಯ, ಹಾಡಿನ ಧಾಟಿ, ಮುಂದೆ ತಾನು ಪಡಬೇಕಾದ ಪಾಡಿನ ಪೂರ್ವಪಾಠ. ಅತ್ತೆಯ ಬಿರುಸು, ನಾದಿನಿಯ ಕೊಂಕು, ಸವತಿಯ ಭಯ ಇವು ಅವಳ ಅನುಭವಕ್ಕೆ ಬರುವ ಮೊದಲೇ ಅವಳ ಕಂಠಕ್ಕೆ ಬರುತ್ತಿದ್ದವು. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಯನ್ನು ಸಾಮಾನ್ಯವಾಗಿ ಗುಣದ ಹೋಲಿಕೆಯಾಗಿ ಅರ್ಥೈಸಲಾಗುತ್ತದೆ. ಅದನ್ನು ತಯಾರಿಕೆಯ ವಿವರಣೆಯಾಗಿಯೂ ಓದಬಹುದು. ನೂಲು ತಾನಾಗಿ ಸೀರೆಯಾಗುವುದಿಲ್ಲ; ಅದನ್ನು ಮಗ್ಗಕ್ಕೆ ಏರಿಸಬೇಕು. ಹಾಡನ್ನು ಬರೀ ದುಃಖದ ಹೊರಹರಿವು ಎಂದು ನೋಡುವ ವಿಮರ್ಶೆಯ ರೂಢಿಗೆ ಈ ಮಗ್ಗದ ಕೆಲಸ ಕಾಣಿಸುವುದಿಲ್ಲ. ತಾಯಿ ತನ್ನ ಸಂಕಟವನ್ನು ತೋಡಿಕೊಳ್ಳುತ್ತಲೇ ಮಗಳನ್ನು ಅದೇ ಸಂಕಟಕ್ಕೆ ಹದಗೊಳಿಸುತ್ತಿದ್ದಳು.

ಹುಡುಗಿಯರದೇ ಆದ ಅವಕಾಶ ಸಂಪೂರ್ಣ ಇರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದಲ್ಲಿ ಆಷಾಢ ಮಾಸದ ಮಂಗಳವಾರಗಳಂದು ನಡೆಯುವ ಗುಳ್ಳವ್ವನ ಆಚರಣೆ ಇದಕ್ಕೆ ಉತ್ತಮ ನಿದರ್ಶನ. ಹುಡುಗಿಯರು ಮಣ್ಣು ತಂದು, ಕಲಸಿ, ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ ಪೂಜಿಸುತ್ತಾರೆ. ಮನೆಮನೆಗೆ ಹೋಗಿ ಹಾಡುತ್ತಾರೆ. ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಕೂಡಿ ಉಣ್ಣುತ್ತಾರೆ. ಪುರೋಹಿತನಿಲ್ಲ, ಗುಡಿಯಿಲ್ಲ, ಹಿರಿಯರ ಮೇಲ್ವಿಚಾರಣೆಯೂ ಹೆಚ್ಚಿಲ್ಲ. ದೇವತೆಯನ್ನು ತಮ್ಮ ಕೈಯಿಂದಲೇ ರೂಪಿಸಿ, ತಾವೇ ಪೂಜಿಸುವ ಈ ಸ್ವಾತಂತ್ರ್ಯ ಹುಡುಗಿಯರ ಬದುಕಿನ ಇತರ ಸಂದರ್ಭಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಆದರೆ ಆಷಾಢವೇ ಹೊಸದಾಗಿ ಮದುವೆಯಾದವಳು ತವರಿಗೆ ಮರಳುವ ತಿಂಗಳೂ ಹೌದು. ಹೀಗಾಗಿ ಇನ್ನೂ ಹೋಗದವಳು ಹೋಗಿ ಬಂದವಳನ್ನು ಹತ್ತಿರದಿಂದ ಕಾಣುವುದು ಈ ದಿನಗಳಲ್ಲೇ. ಹಳೆಯ ಗೆಳತಿ ಈಗ ನಗುವ ರೀತಿ, ಸುಮ್ಮನಾಗುವ ರೀತಿ ಎರಡೂ ಹುಡುಗಿಗೆ ಪಾಠವಾಗುತ್ತವೆ. ಅಳಗುಳಿ ಮಣೆ, ಆಣೆಕಲ್ಲು, ಗೊಂಬೆ ಮದುವೆಗಳಂತಹ ಆಟಗಳ ವಿಚಾರ ವಿದ್ವಾಂಸರಿಗೆ ಪರಿಚಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಮನೆಯ ಒಳಗೆ, ಜಗಲಿಯ ಮೇಲೆ ಕುಳಿತೇ ಆಡಬಹುದು ಎಂಬುದನ್ನು ಮಾತ್ರ ಗಮನಿಸಬೇಕು.

ಮೈನೆರೆದ ಸಂದರ್ಭದಲ್ಲಿ ಈ ಜಾಗವೂ ಕಿರಿದಾಗುತ್ತದೆ. ಹಳೆಯ ಮೈಸೂರು ಭಾಗದ ಹಲವು ಸಮುದಾಯಗಳಲ್ಲಿ ಸೋದರಮಾವ ಹಸಿರು ಸೊಪ್ಪಿನಿಂದ ಗುಡ್ಲು ಹಾಕುತ್ತಾನೆ. ಹುಡುಗಿ ಅದರಲ್ಲಿ ಕೆಲವು ದಿನ ಪ್ರತ್ಯೇಕವಾಗಿರುತ್ತಾಳೆ. ಮುತ್ತೈದೆಯರು ಆರತಿ ಎತ್ತಿ ಸೋಬಾನೆ ಹಾಡುತ್ತಾರೆ. ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸುತ್ತಾರೆ. ಅವಳ ಜೀವನದಲ್ಲಿ ಅವಳೊಬ್ಬಳಿಗಾಗಿಯೇ ಜನ ಸೇರುವ, ಅವಳ ದೇಹಕ್ಕೆ ಒಳ್ಳೆಯ ಆಹಾರ ಸಲ್ಲುವ ಅಪರೂಪದ ದಿನಗಳಿವು. ಅದೇ ದಿನಗಳಿಂದ ಅವಳ ನಡಿಗೆ, ನಗೆ, ದನಿ, ದೃಷ್ಟಿಗಳ ಮೇಲೆ ಕಟ್ಟಳೆ ಬೀಳುತ್ತದೆ. ಮನ್ನಣೆ ಮತ್ತು ಮುಟ್ಟುಚಿಟ್ಟು ಒಂದೇ ಗುಡ್ಲಿನೊಳಗೆ ಇರುವುದರಿಂದಲೇ ಈ ವಿಧಿಯನ್ನು ಕೇವಲ ಸಂಭ್ರಮವೆಂದಾಗಲಿ ಕೇವಲ ಶೋಷಣೆಯೆಂದಾಗಲಿ ಕೈಬಿಡುವಂತಿಲ್ಲ. ಗುಡ್ಲಿನ ಕಂಬ ನೆಡುವವನು ಎಷ್ಟೋ ಸಲ ಅವಳನ್ನು ತನಗೋ ತನ್ನ ಮಗನಿಗೋ ತಂದುಕೊಳ್ಳುವ ಹಕ್ಕುಳ್ಳ ಸೋದರಮಾವನೇ ಎಂಬುದು ವಿಧಿಯ ಮತ್ತೊಂದು ಮುಖ.

ಹಾಡುಗಳು ಮುದ್ರಣಕ್ಕೆ ಬಂದಾಗ ಇನ್ನೊಂದು ಬಗೆಯ ರೂಪಿಸುವಿಕೆ ನಡೆಯಿತು. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಸಂಗ್ರಹಿಸಿದ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಪ್ರಕಟವಾದವು. ಶಾರದಾ ಕಾಯಿದೆ ಬಿಜಾಪುರ ಜಿಲ್ಲೆಯಲ್ಲಿ ಜಾರಿಗೆ ಬಂದ ಮರುವರ್ಷವದು. ಈ ಸಂಕಲನವಿಲ್ಲದಿದ್ದರೆ ಕನ್ನಡ ಜಾನಪದ ಅಧ್ಯಯನ ಎಷ್ಟು ಬಡವಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಆದರೂ ಶೀರ್ಷಿಕೆಯ ಬಗೆಗೆ ಒಂದು ಮಾತು ಅಗತ್ಯ. 'ಗರತಿ' ಎಂದರೆ ಸಾಧ್ವಿಯಾದ ಗೃಹಿಣಿ. ಹಾಡಿನ ಒಡತಿಯನ್ನು ಹೀಗೆ ಹೆಸರಿಸಿದೊಡನೆ ಮಗಳು, ಅಕ್ಕ, ಗೆಳತಿಯ ದನಿಗಳೆಲ್ಲ ಗೃಹಿಣಿಯ ದನಿಯ ಅಂಗಗಳಾಗಿ ಕೇಳತೊಡಗುತ್ತವೆ. ಇದನ್ನು ಪುರುಷ ಸಂಗ್ರಹಕಾರರ ಮಿತಿಯೆಂದಷ್ಟೇ ಹೇಳಿದರೆ ಅನ್ಯಾಯವಾದೀತು. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯ ಮುಗಿಯುವ ಮೊದಲೇ ವಿಧವೆಯಾದ ನಂಜನಗೂಡು ತಿರುಮಲಾಂಬ (1887–1982) ತಾವೇ ಆರಂಭಿಸಿದ ಗ್ರಂಥಮಾಲೆಗೆ ಇಟ್ಟ ಹೆಸರು 'ಸತೀಹಿತೈಷಿಣಿ'. ಲೇಖಕಿಯೂ ಪ್ರಕಾಶಕಿಯೂ ಆದ ಮಹಿಳೆಗೂ ಓದುಗಳನ್ನು ಕರೆಯಲು ಅಂದು ದೊರೆತ ಗೌರವದ ಪದ 'ಸತಿ' ಎಂಬುದೇ.

ಹಾಡು ಹೇಳದಿದ್ದುದನ್ನು ಕಥೆ ಹೇಳಿರುವುದುಂಟು. ಎ.ಕೆ. ರಾಮಾನುಜನ್ ಕನ್ನಡ ಪ್ರದೇಶದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆ ಅವರ ಮರಣಾನಂತರ 1997ರಲ್ಲಿ ಹೊರಬಂದ ಇಂಗ್ಲಿಷ್ ಸಂಕಲನಕ್ಕೆ ಶೀರ್ಷಿಕೆಯನ್ನೂ ಒದಗಿಸಿತು. ಗಿರೀಶ ಕಾರ್ನಾಡರ 'ಚೆಲುವಿ' ಚಿತ್ರಕ್ಕೂ (1992) ಇದೇ ಆಧಾರ. ಬಡ ತಾಯಿಯ ಕಿರಿಯ ಮಗಳು ಎರಡು ಕೊಡ ನೀರಿನ ನೆರವಿನಿಂದ ಮರವಾಗಿ, ಮತ್ತೆ ಹೆಣ್ಣಾಗಬಲ್ಲಳು. ನೀರು ಹೇಗೆ ಸುರಿಯಬೇಕು, ಚಿಗುರು ಮುರಿಯದಂತೆ ಹೂವು ಹೇಗೆ ಬಿಡಿಸಬೇಕು ಎಂಬುದನ್ನು ಅವಳೇ ಹೇಳಿಕೊಡುತ್ತಾಳೆ. ಗಾದೆಗಳಲ್ಲಿ, ಸೋಬಾನೆಗಳಲ್ಲಿ ಹುಡುಗಿಗೆ ಬುದ್ಧಿ ಹೇಳುವವರು ಇತರರು. ಇಲ್ಲಿ ತನ್ನ ದೇಹವನ್ನು ಮುಟ್ಟುವ ಕ್ರಮವನ್ನು ಹುಡುಗಿಯೇ ಇತರರಿಗೆ ಕಲಿಸುತ್ತಾಳೆ. ಈ ತಿರುವುಮುರುವು ಕಥೆಯ ಜೀವಾಳ. ಅಕ್ಕ ಆ ಮಾತನ್ನು ಪಾಲಿಸುತ್ತಾಳೆ. ಅರಮನೆಗೆ ಸೊಸೆಯಾಗಿ ಹೋದ ಮೇಲೆ ನಾದಿನಿಯೂ ಅವಳ ಗೆಳತಿಯರೂ ತೋಟದಲ್ಲಿ ಅವಳನ್ನು ಒತ್ತಾಯದಿಂದ ಮರವಾಗಿಸಿ, ಟೊಂಗೆಗಳನ್ನು ಮುರಿದು, ನೀರನ್ನು ಸರಿಯಾಗಿ ಸುರಿಯದೆ ಓಡಿಹೋಗುತ್ತಾರೆ. ಕೈಕಾಲಿಲ್ಲದ ಅರೆಜೀವವಾಗಿ ಅವಳು ಉಳಿಯುತ್ತಾಳೆ. ಮುರಿದವರು ಹುಡುಗಿಯರೇ, ಬಹುಶಃ ಅವಳದೇ ವಯಸ್ಸಿನವರು. ಕಥೆ ಇದನ್ನು ಮರೆಮಾಚುವುದಿಲ್ಲ, ವಿವರಿಸುವುದೂ ಇಲ್ಲ. ಕೊನೆಗೆ ಅಲೆದು ಬಂದ ಗಂಡ ಅವಳ ಹಳೆಯ ಸೂಚನೆಯಂತೆಯೇ ನೀರು ಸುರಿದು, ಮುರಿದ ಟೊಂಗೆಗಳನ್ನು ಒಂದೊಂದಾಗಿ ಸರಿಪಡಿಸಿ, ಮತ್ತೆ ನೀರು ಸುರಿಯುತ್ತಾನೆ.