ಆರೂವರೆ ಚದರ ಮೀಟರಿನ ಅಡುಗೆಮನೆ

ಜರ್ಮನಿಯ ಫ್ರಾಂಕ್‌ಫರ್ಟ್ ನಗರಾಡಳಿತ ಕಟ್ಟಿಸುತ್ತಿದ್ದ ಅಗ್ಗದ ಮನೆಗಳಿಗಾಗಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ 1926ರಲ್ಲಿ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಕಾರ್ಖಾನೆಯ ಸಮಯದ ಲೆಕ್ಕಾಚಾರವನ್ನು ಮನೆಗೆಲಸಕ್ಕೆ ಹೊಂದಿಸಿ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಬರೆದದ್ದನ್ನು ಅವರು ಓದಿಕೊಂಡಿದ್ದರು. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಕೋಣೆಯೂ ಅವರಿಗೆ ಮಾದರಿಯಾಯಿತು. ಕಿಟಕಿಯ ಬೆಳಕಿನಲ್ಲಿ ಕೂತು ಹೆಚ್ಚಲು ಹಲಗೆ, ಸಿಪ್ಪೆ ತಳ್ಳಲು ಅಲ್ಲೇ ಒಂದು ಗೂಡು, ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳು, ಹಿಟ್ಟಿಗೆ ಹುಳ ಹಿಡಿಯದಿರಲೆಂದು ಓಕ್ ಮರದ ಡ್ರಾಯರು. ಎಲ್ಲವೂ ಕೈಯಳತೆಯಲ್ಲಿ. ಸುಮಾರು 10,000 ಮನೆಗಳಿಗೆ ಇದು ಬಂತು. ಇಂದಿನ ಮಾಡ್ಯುಲರ್ ಕಿಚನ್ನಿನ ವಂಶಾವಳಿ ಹಿಡಿದು ಹೋದರೆ ಸಿಗುವುದು ಇದೇ ಕೋಣೆ. ಹೆಜ್ಜೆಗಳನ್ನು ಇಷ್ಟು ಜಾಣತನದಿಂದ ಉಳಿಸಿದ ಈ ವಿನ್ಯಾಸ, ಆ ಹೆಜ್ಜೆ ಇಡಬೇಕಾದವರು ಯಾರು ಎಂಬುದನ್ನು ಮಾತ್ರ ಇನ್ನಷ್ಟು ಗಟ್ಟಿ ಮಾಡಿತೆಂದೇ ನನ್ನ ವಾದ. ಹಿಂದೆ ಕೆಲಸಗಾರರ ಮನೆಗಳಲ್ಲಿ ಬೇಯಿಸುವುದು, ಉಣ್ಣುವುದು, ಹರಟುವುದು ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಹೊಸ ಕೋಣೆಯನ್ನು ಅಳೆದದ್ದೇ ಒಬ್ಬಳ ಓಡಾಟಕ್ಕೆ. ಕೈಜೋಡಿಸಲು ಇನ್ನೊಬ್ಬರು ಬಂದರೆ ನಿಲ್ಲಲು ಜಾಗ ಸಾಲದು.

ಇದು ಅನ್ಯಾಯದ ಟೀಕೆ ಎನ್ನಬಹುದು. ಹೊಗೆ, ಹಬೆ, ಮಸಿಯ ನಡುವೆಯೇ ಮಕ್ಕಳು ಮಲಗುತ್ತಿದ್ದ ಮನೆಗಳಿಗೆ ಶುಚಿಯಾದ ಬೇರೆ ಅಡುಗೆಕೋಣೆ ದೊಡ್ಡ ವರವೇ ಆಗಿತ್ತು, ಅದನ್ನು ಒಪ್ಪಲೇಬೇಕು. ಹೆಂಗಸರ ಕೈಗೆ ಬಿಡುವು ಸಿಗಲಿ, ಹೊರಗೆ ದುಡಿಯುವವಳ ಹೊರೆ ಇಳಿಯಲಿ ಎಂಬುದೇ ಶ್ಯೂಟೆ-ಲಿಹೋಟ್ಸ್ಕಿಯವರ ಆಸೆ; ನಾಜಿಗಳ ವಿರುದ್ಧ ನಿಂತು 1941ರಿಂದ 1945ರವರೆಗೆ ಸೆರೆಯಲ್ಲಿದ್ದ ಅವರ ಕಾಳಜಿಯನ್ನು ಅನುಮಾನಿಸಲು ಕಾರಣವೇ ಇಲ್ಲ. ಆದರೆ ಉಳಿದ ಹೊತ್ತು ಹೋದದ್ದೆಲ್ಲಿಗೆ? ಅಮೆರಿಕದ ಸಮೀಕ್ಷೆಗಳನ್ನು ಸಮಾಜಶಾಸ್ತ್ರಜ್ಞೆ ಜೋಆನ್ ವ್ಯಾನೆಕ್ 1974ರಲ್ಲಿ ಹೋಲಿಸಿ ನೋಡಿದಾಗ, ಹೊರಗೆ ದುಡಿಯದ ಗೃಹಿಣಿಯ ಮನೆಗೆಲಸ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ, 1960ರ ದಶಕದಲ್ಲಿ 55 ಗಂಟೆ ಇತ್ತು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೊವಾನ್ 1983ರಲ್ಲಿ ಕಾರಣ ಬಿಡಿಸಿಟ್ಟರು: ಸೌದೆ ಒಡೆಯುವಂಥ ಗಂಡಸರ, ಮಕ್ಕಳ ಪಾಲಿನ ಕೆಲಸ ಮಾಯವಾಯಿತು, ಬಟ್ಟೆ ಇನ್ನೂ ಬೆಳ್ಳಗಿರಬೇಕು, ಊಟದಲ್ಲಿ ಬಗೆ ಹೆಚ್ಚಬೇಕು ಎಂಬ ನಿರೀಕ್ಷೆ ಹೆಂಗಸಿನ ಮೇಲೆ ಬೆಳೆಯಿತು.

ಅದು ಅಮೆರಿಕದ ಮಾತು ಎಂದು ತಳ್ಳಿಹಾಕುವವರು ನಮ್ಮದೇ ದೇಶದ 2019ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಲಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಈ ಕೆಲಸಕ್ಕೆ ಕೈ ಹಾಕುವ ಗಂಡಸರನ್ನಷ್ಟೇ ಲೆಕ್ಕ ಹಿಡಿದರೆ. ಅಂಥವರು ನಾಲ್ವರಲ್ಲಿ ಒಬ್ಬರು. ಇಬ್ಬರೂ ಉಣ್ಣುವುದು ಒಂದೇ ಒಲೆಯ ಮೇಲೆ ಬೆಂದದ್ದನ್ನು. ಹಾಗಾಗಿ ಈ 202 ನಿಮಿಷಗಳ ಅಂತರದ ತಪ್ಪನ್ನು ಕಪಾಟಿನ ಅಸ್ತವ್ಯಸ್ತತೆಯ ತಲೆಗೆ ಕಟ್ಟಲಾಗದು.