ತಗಡಿನ ಬೋರ್ಡಿನಿಂದ ಬೆಳಕಿನ ಚುಕ್ಕಿಗೆ: ಮೈಸೂರು ನಗರ ಬಸ್ಸುಗಳ ಮಾರ್ಗಫಲಕ

ಜಯಲಕ್ಷ್ಮೀಪುರಂ ಎಂಬ ಹೆಸರನ್ನು ಬಸ್ಸಿನ ಹಣೆಯ ಮೇಲಿನ ಎಲ್‌ಇಡಿ ಫಲಕದಲ್ಲಿ ಮೂಡಿಸಬೇಕೆನ್ನಿ. ಎಡವುವುದು ‘ಕ್ಷ್ಮೀ’ ಎಂಬಲ್ಲಿ. ಮೇಲೆ ಗುಡಿಸು, ನಡುವೆ ಕಕಾರ, ಅದರಡಿ ಷಕಾರದ ಒತ್ತು, ಅದಕ್ಕೆ ತಗುಲಿಕೊಂಡು ಮಕಾರದ ಒತ್ತು, ಬಲಗಡೆ ದೀರ್ಘ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಏಳು ಸಾಲು ಚುಕ್ಕಿಗಳಿದ್ದರೆ ಸಾಕು. ‘ಕ್ಷ್ಮೀ’ಗೆ ಹದಿನಾರು ಸಾಲು ಕೊಟ್ಟರೂ ಉಸಿರು ಕಟ್ಟುತ್ತದೆ. ಮೈಸೂರಿನ ನಗರ ಬಸ್ಸುಗಳ ಮಾರ್ಗಫಲಕದ ಚರಿತ್ರೆಯನ್ನು ‘ತಗಡು ಹೋಯಿತು, ಬೆಳಕು ಬಂತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಫಲಕ ಬದಲಾದಾಗ ಅಕ್ಷರದ ಅಳತೆಯನ್ನು ಗೊತ್ತುಮಾಡುವವರೂ ಬದಲಾದರು. ಪೇಂಟರನ ಕುಂಚಕ್ಕಿದ್ದ ಸ್ವಾತಂತ್ರ್ಯ ಚುಕ್ಕಿಗಳ ಚೌಕಟ್ಟಿಗೆ ಸಿಕ್ಕಿಕೊಂಡಿತು. ಆ ಚೌಕಟ್ಟಿನ ಎತ್ತರ ಕನ್ನಡದ ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿದು ಇಟ್ಟದ್ದಲ್ಲ. ಈ ಲೇಖನದ ವಾದ ಇಷ್ಟೇ.

ಸರ್ಕಾರಿ ಬಸ್ಸಿನ ಕಥೆ ಮೈಸೂರು ಸಂಸ್ಥಾನದಲ್ಲಿ ಆರಂಭವಾಗುವುದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳೊಡನೆ. ಆಗ ಅದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ. 1961ರ ಆಗಸ್ಟ್ 1ರಂದು ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ಎನಿಸಿಕೊಂಡಿತು. 1997ರಲ್ಲಿ ಬೆಂಗಳೂರಿನ ನಗರ ಸಾರಿಗೆ ಬಿಎಂಟಿಸಿಯಾಗಿ ಬೇರೆಯಾದರೂ ಮೈಸೂರಿನದು ಕೆಎಸ್‌ಆರ್‌ಟಿಸಿಯ ಕೈಯಲ್ಲೇ ಉಳಿಯಿತು. ಇದಕ್ಕೊಂದು ಪರಿಣಾಮವಿದೆ. ಇಲ್ಲಿನ ನಗರ ಬಸ್ಸಿನ ಬೋರ್ಡು ದೂರದೂರಿನ ಬಸ್ಸಿನ ಬೋರ್ಡಿನ ರೂಢಿಯಲ್ಲೇ ಬೆಳೆಯಿತು: ಊರ ಹೆಸರು ದೊಡ್ಡದು, ಉಳಿದದ್ದೆಲ್ಲ ಆಮೇಲೆ.

ತಗಡಿನ ಬೋರ್ಡನ್ನು ಹಗುರವಾಗಿ ನೋಡಬಾರದು. ಪೇಂಟರನಿಗೆ ಸಾಲು, ಚುಕ್ಕಿಗಳ ಕಟ್ಟುಪಾಡಿರಲಿಲ್ಲ. ‘ಸರಸ್ವತಿಪುರಂ’ ಬರೆಯುವಾಗ ವಕಾರದ ಒತ್ತಿಗೆ ಕೆಳಗೆ ಜಾಗ ಬಿಟ್ಟು, ಉಳಿದ ಅಕ್ಷರಗಳನ್ನು ಅಷ್ಟೇ ದಪ್ಪವಾಗಿ ಎಳೆದು, ಹೆಸರು ಉದ್ದವಾದರೆ ಪಕ್ಕಕ್ಕೆ ಒತ್ತರಿಸಿ ಕೂರಿಸುತ್ತಿದ್ದ. ಲಂಡನ್ನಿನ ಸಾರಿಗೆ ಸಂಸ್ಥೆ ಎಡ್ವರ್ಡ್ ಜಾನ್‌ಸ್ಟನ್ ಅವರಿಂದ 1916ರಲ್ಲಿ ತನ್ನದೇ ಅಕ್ಷರಮಾಲೆಯನ್ನು ಬರೆಸಿಕೊಂಡಿತು; ಅಲ್ಲಿನ ಬಸ್ಸುಗಳ ಬಟ್ಟೆಯ ಸುರುಳಿ ಫಲಕಗಳಲ್ಲೂ ಅದೇ ಬಂತು. ನಮ್ಮಲ್ಲಿ ಅಂಥ ಶಿಸ್ತು ಇರಲಿಲ್ಲ, ಕೈಗುಣ ಇತ್ತು. ಬೆಂಗಳೂರಿನ ಬಸ್ಸುಗಳ ಬೋರ್ಡುಗಳಲ್ಲಿ ಮಾರ್ಗದ ಸಂಖ್ಯೆ ಕನ್ನಡ ಅಂಕಿಯಲ್ಲೂ ಇರುತ್ತಿದ್ದುದನ್ನು ಬಲ್ಲವರು ಇನ್ನೂ ಬಹಳ ಮಂದಿ ಇದ್ದಾರೆ. ತಗಡಿನ ಕೊರತೆಗಳೂ ಚಿಕ್ಕವಲ್ಲ. ಕತ್ತಲಾದರೆ ಕಾಣದು, ಮಳೆಗಾಲದ ಕೆಸರಿಗೆ ಮುಚ್ಚಿಹೋಗುತ್ತದೆ, ಟ್ರಿಪ್ ಮುಗಿದ ಮೇಲೆ ಬೋರ್ಡು ತಿರುಗಿಸಲು ಮರೆತರೆ ಹೋಗುವ ಊರಿನ ಬದಲು ಬಂದ ಊರನ್ನು ತೋರಿಸುತ್ತದೆ.

ಆ ಮರೆವು ಮೈಸೂರಿನಲ್ಲಿ ದುಬಾರಿ, ಏಕೆಂದರೆ ಊರಿನ ಬಸ್ ಮಾರ್ಗಗಳು ಬಹುಪಾಲು ಸಿಟಿ ಬಸ್ ನಿಲ್ದಾಣದಿಂದ ಹೊರಟು ಅಲ್ಲಿಗೇ ಮರಳುತ್ತವೆ. ಹೋಗುವಾಗ ಬೋಗಾದಿ, ಕುವೆಂಪುನಗರ, ಹೆಬ್ಬಾಳ, ಚಾಮುಂಡಿಬೆಟ್ಟ ಎಂದು ಬೇರೆ ಬೇರೆ ಹೆಸರುಗಳು. ಬರುವಾಗ ಎಲ್ಲಕ್ಕೂ ಒಂದೇ ಹೆಸರು. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಟ್ರಿಪ್‌ಗಳಲ್ಲಿ ತಲುಪುವ ಜಾಗದ ಹೆಸರು ಪ್ರಯಾಣಿಕನಿಗೆ ಹೊಸದೇನನ್ನೂ ಹೇಳುವುದಿಲ್ಲ. ಅವನಿಗೆ ಬೇಕಾದದ್ದು ಯಾವ ದಾರಿಯಾಗಿ ಎಂಬುದು. ಅದನ್ನು ಚುಟುಕಾಗಿ ಹೇಳುವುದು ಸಂಖ್ಯೆ. ಬೆಟ್ಟಕ್ಕೆ 201 ಎಂದರೆ ಪ್ರವಾಸಿಗೂ ಗೊತ್ತಾಗುತ್ತದೆ. ಬೋರ್ಡು ನೋಡಿಯೂ ಕಂಡಕ್ಟರನ್ನು “ಎಲ್ಲಿಗೆ ಹೋಗುತ್ತೆ?” ಎಂದು ಕೇಳುವವರನ್ನು ಓದು ಬಾರದವರೆಂದು ತಿಳಿಯುವುದು ತಪ್ಪು. ಬಹುಸಲ ಬೋರ್ಡೇ ಅರ್ಧ ಉತ್ತರ ಕೊಟ್ಟಿರುತ್ತದೆ.

ವಿದ್ಯುನ್ಮಾನ ಫಲಕ ಕೇಂದ್ರದ ನಿಯಮಗಳ ಬೆನ್ನು ಹಿಡಿದು ಬಂತು. ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ನಗರ ಬಸ್ಸುಗಳಿಗೆ ಮಾನದಂಡ ಹೊರಡಿಸಿತು, 2013ರಲ್ಲಿ ಅದನ್ನು ಪರಿಷ್ಕರಿಸಿತು. ಕೇಂದ್ರದ ನಗರ ನವೀಕರಣ ಯೋಜನೆಯಾದ ನರ್ಮ್‌ನ ನೆರವಿನಿಂದ ಕೊಂಡ ಬಸ್ಸುಗಳು ಈ ಅಳತೆಗೋಲಿಗೆ ಒಳಪಟ್ಟವು; ಎಲ್‌ಇಡಿ ಮಾರ್ಗಫಲಕ ಅದರ ಭಾಗ. ಈ ನಡುವೆ 2012ರಲ್ಲಿ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ಬೆಂಬಲದೊಡನೆ ‘ಮಿತ್ರ’ ಎಂಬ ಬುದ್ಧಿವಂತ ಸಾರಿಗೆ ವ್ಯವಸ್ಥೆ ಮೈಸೂರಿನಲ್ಲಿ ಜಾರಿಯಾಯಿತು. ಸುಮಾರು 500 ಬಸ್ಸುಗಳಿಗೆ ಜಿಪಿಎಸ್, ನಿಲ್ದಾಣಗಳಲ್ಲಿ ಬಸ್ ಬರುವ ವೇಳೆ ತೋರಿಸುವ ಫಲಕ, ಬಸ್ಸಿನೊಳಗೆ ಮುಂದಿನ ನಿಲ್ದಾಣದ ಪ್ರಕಟಣೆ, ಇವೆಲ್ಲವನ್ನೂ ನೋಡಿಕೊಳ್ಳುವ ನಿಯಂತ್ರಣ ಕೇಂದ್ರ. ದೇಶದ ಮಧ್ಯಮ ಗಾತ್ರದ ನಗರವೊಂದರಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಯೋಜನೆಯ ಒಲವು ‘ಬಸ್ ಎಲ್ಲಿದೆ?’ ಎಂಬ ಪ್ರಶ್ನೆಯ ಕಡೆಗಿತ್ತು. ‘ಬಂದ ಬಸ್ ಯಾವುದು?’ ಎಂಬುದು ಮೊದಲು ಬೋರ್ಡಿನ ಪಾಲಿನದು, ಆಗಲೂ ಬೋರ್ಡಿನ ಪಾಲಿನದೇ.

ಇನ್ನು ಅಕ್ಷರಕ್ಕೆ ಬರೋಣ. ಪೇಟೆಯಲ್ಲಿ ಸುಲಭವಾಗಿ ಸಿಗುವ ಎಲ್‌ಇಡಿ ಹಲಗೆಯಲ್ಲಿ ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್ ಅಂತರ, ಎತ್ತರಕ್ಕೆ 16 ಸಾಲು. ಅಂದರೆ 16 ಸೆಂಟಿಮೀಟರ್. ಕನ್ನಡದಲ್ಲಿ ಮೇಲಿನ ಗುಡಿಸು, ಏತ್ವಗಳಿಗೆ ಮೂರು ಸಾಲು, ಕೆಳಗಿನ ಒತ್ತಿಗೆ ಐದು ಸಾಲು ತೆಗೆದಿಟ್ಟರೆ ಅಕ್ಷರದ ಒಡಲಿಗೆ ಉಳಿಯುವುದು ಎಂಟೇ. ಅದೇ ಹಲಗೆಯಲ್ಲಿ ಇಂಗ್ಲಿಷ್ ಅಕ್ಷರ ಹದಿನಾರನ್ನೂ ಬಳಸಿಕೊಂಡು ಎರಡರಷ್ಟು ದೊಡ್ಡದಾಗಿ ನಿಲ್ಲುತ್ತದೆ. ಅರ್ಧ ಎತ್ತರದಲ್ಲಿ ಕನ್ನಡ, ಉಳಿದರ್ಧದಲ್ಲಿ ಇಂಗ್ಲಿಷ್ ಎಂದು ಹಂಚಿದರೆ ಇಂಗ್ಲಿಷಿಗೆ ಏನೂ ಆಗುವುದಿಲ್ಲ, ಕನ್ನಡ ಮುದ್ದೆಯಾಗುತ್ತದೆ. ಸಮಪಾಲಿನಂತೆ ಕಾಣುವ ಈ ಹಂಚಿಕೆ ಸಮಪಾಲಲ್ಲ.

ಮುದ್ದೆಯಾಗುವ ಬಗೆಯನ್ನೂ ನೋಡಬೇಕು. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು. ಪಕಾರ, ವಕಾರಗಳ ನಡುವೆ ತಲಕಟ್ಟು ಕೂಡಿದೆಯೋ ಇಲ್ಲವೋ ಎಂಬುದಷ್ಟೇ. ಎಂಟು ಸಾಲಿನಲ್ಲಿ ಇಂಥ ಸೀಳಿಗೆ ಸಿಗುವುದು ಒಂದು ಚುಕ್ಕಿ. ರಾತ್ರಿ ಬೆಳಕು ಹೆಚ್ಚಾಗಿ ಚುಕ್ಕಿಗಳು ಒಂದಕ್ಕೊಂದು ಹರಡಿಕೊಂಡರೆ ಅದೂ ತುಂಬಿಹೋಗುತ್ತದೆ. ‘ಕುವೆಂಪುನಗರ’ದಲ್ಲಿ ವಕಾರ, ಪಕಾರ ಅಕ್ಕಪಕ್ಕದಲ್ಲೇ ಇವೆ. ಗೊತ್ತಿದ್ದವರು ಹೆಸರಿನ ಆಕಾರ ನೋಡಿ ಊಹಿಸುತ್ತಾರೆ. ಹೊಸಬರಿಗೆ ಊಹೆಯ ಆಸರೆಯಿಲ್ಲ. ಹಗಲಲ್ಲಿ ಹೆಚ್ಚು, ರಾತ್ರಿ ಕಡಿಮೆ ಎಂದು ಬೆಳಕನ್ನು ತಾನಾಗಿ ಹೊಂದಿಸುವ ಏರ್ಪಾಡು ಅಲಂಕಾರವಲ್ಲ, ಓದಿಗೆ ಬೇಕಾದದ್ದು.

ಹೊರದೇಶದ ನಿಯಮಗಳಿಂದ ಇಲ್ಲಿ ಪೂರ್ತಿ ಸಹಾಯ ಸಿಗದು. ಅಮೆರಿಕದ ಅಂಗವಿಕಲರ ಕಾಯ್ದೆಯಡಿ ಮುಂಭಾಗದ ಫಲಕದ ಅಕ್ಷರ ಕನಿಷ್ಠ 2 ಅಂಗುಲ ಇರಬೇಕು. ಅಳೆಯುವುದು ಇಂಗ್ಲಿಷಿನ ದೊಡ್ಡ ‘ಎಕ್ಸ್’ ಅಕ್ಷರವನ್ನು. ಬ್ರಿಟನ್ನಿನ 2000ದ ನಿಯಮಾವಳಿ ಮುಂಭಾಗದಲ್ಲಿ ಸಂಖ್ಯೆಗೆ 200 ಮಿಲಿಮೀಟರ್, ಊರ ಹೆಸರಿಗೆ 125 ಮಿಲಿಮೀಟರ್ ಗೊತ್ತುಮಾಡಿ, ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲೇ ಬರೆಯಬಾರದು ಎನ್ನುತ್ತದೆ. ಕನ್ನಡದಲ್ಲಿ ದೊಡ್ಡಕ್ಷರವೂ ಇಲ್ಲ, ‘ಎಕ್ಸ್’ ಕೂಡ ಇಲ್ಲ. ನಮ್ಮ ನಿಯಮ ಹೇಳಬೇಕಾದದ್ದು ಒತ್ತು, ಗುಡಿಸುಗಳನ್ನು ಬಿಟ್ಟು ಅಕ್ಷರದ ಒಡಲು ಎಷ್ಟು ಎತ್ತರವಿರಬೇಕು ಎಂಬುದನ್ನು. ಒಟ್ಟು ಫಲಕದ ಅಳತೆಯನ್ನಷ್ಟೇ ಬರೆದು ಟೆಂಡರ್ ಕರೆದರೆ ಒಡಲು ಎಷ್ಟು ಕುಗ್ಗಿದರೂ ಕೇಳುವವರಿಲ್ಲ.

ಸರಿಯುವ ಅಕ್ಷರಗಳದು ಇನ್ನೊಂದು ತಕರಾರು. ಗಂಟೆಗೆ 30 ಕಿಲೋಮೀಟರ್ ವೇಗದ ಬಸ್ಸು ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು ಮುಂದೆ ಬರುತ್ತದೆ. ಐವತ್ತು ಮೀಟರ್ ದೂರದಿಂದ ಬೋರ್ಡು ಕಂಡರೆ ಓದಲು, ಕೈ ಅಡ್ಡಹಾಕಲು ಇರುವುದು ಆರು ಸೆಕೆಂಡು. ಕನ್ನಡ ನಾಲ್ಕು ಸೆಕೆಂಡು, ಇಂಗ್ಲಿಷ್ ನಾಲ್ಕು ಸೆಕೆಂಡು ಎಂದು ಸರದಿ ಹಾಕಿದರೆ ಎರಡನ್ನೂ ಪೂರ್ತಿ ನೋಡಲಾಗದು. ಹೆಸರಿನ ಜತೆ ಸಂಖ್ಯೆಯೂ ಸರಿದುಹೋಗುತ್ತಿದ್ದರೆ ಫಲಕ ಇದ್ದೂ ಇಲ್ಲದಂತೆ. ಸಂಖ್ಯೆ ಒಂದು ಮೂಲೆಯಲ್ಲಿ ಅಲುಗಾಡದೆ ನಿಲ್ಲಬೇಕು. ಕನ್ನಡದ ಹೆಸರಿಗೆ ಪೂರ್ತಿ ಎತ್ತರ ಸಿಗಬೇಕು. ದಾರಿಯ ಹೆಸರುಗಳು ಬಾಗಿಲ ಪಕ್ಕದ ಫಲಕಕ್ಕೆ ಹೋಗಬೇಕು, ಏಕೆಂದರೆ ಅದನ್ನು ಓದುವವರು ನಿಂತ ಬಸ್ಸಿನ ಮುಂದಿರುತ್ತಾರೆ.

ತಂತ್ರಾಂಶದ ಚರಿತ್ರೆಯೂ ಇದರಲ್ಲಿ ಸೇರಿಕೊಂಡಿದೆ. ಭಾರತೀಯ ಲಿಪಿಗಳ ಇಸ್ಕಿ ಮಾನಕ ಸ್ಥಿರವಾದದ್ದು 1991ರಲ್ಲಿ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡ ಸೇರಿದ್ದೂ ಅದೇ ವರ್ಷ. ಎರಡರಲ್ಲೂ ಒತ್ತಕ್ಷರವನ್ನು ಬಿಡಿಬಿಡಿ ಸಂಕೇತಗಳಾಗಿ ಇಟ್ಟು, ಕೂಡಿಸುವ ಕೆಲಸವನ್ನು ತೋರಿಸುವ ಯಂತ್ರಕ್ಕೆ ಬಿಡಲಾಗುತ್ತದೆ. ಕಂಪ್ಯೂಟರಿಗೆ ಅದು ಸಲೀಸು. ಫಲಕದ ಪುಟ್ಟ ನಿಯಂತ್ರಕಕ್ಕೆ ಆ ಶಕ್ತಿ ಇಲ್ಲದಿದ್ದರೆ ಸರಸ್ವತಿಪುರಂ ‘ಸರಸ್‌ವತಿಪುರಂ’ ಆಗುತ್ತದೆ. ಇದಕ್ಕೆ ಉಪಾಯ, ಕಂಪ್ಯೂಟರಿನಲ್ಲೇ ಹೆಸರನ್ನು ಚುಕ್ಕಿಚಿತ್ರವಾಗಿಸಿ ತುಂಬುವುದು. ಅಕ್ಷರ ಕೆಡುವುದಿಲ್ಲ. ಒಬ್ಬರು ಕೂತು ಚುಕ್ಕಿಗಳನ್ನು ತಿದ್ದಿದರೆ ಪೇಂಟರನ ಕೈಗುಣವೂ ಮರಳೀತು; ಊರಿನ ಬಡಾವಣೆಗಳ ಹೆಸರುಗಳೇನು ಸಾವಿರಾರಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ‘ಮೈಸೂರು’ ಎಂದೇ ಬರೆಯುವುದು ಅಧಿಕೃತವಾದಾಗ ತಿದ್ದುಪಡಿಯೆಲ್ಲ ಇಂಗ್ಲಿಷಿನ ಪಾಲಿಗೆ ಬಿತ್ತು. ಕನ್ನಡದಲ್ಲಿ ಒಂದು ಚುಕ್ಕಿಯೂ ಅಲುಗಲಿಲ್ಲ.

2023ರಲ್ಲಿ ಮೈಸೂರಿನ 200 ನಗರ ಬಸ್ಸುಗಳಿಗೆ ದೃಷ್ಟಿದೋಷವಿರುವವರಿಗಾಗಿ ‘ಧ್ವನಿ ಸ್ಪಂದನ’ ಬಂತು. ದೆಹಲಿ ಐಐಟಿಯಲ್ಲಿ ರೂಪುಗೊಂಡ ಈ ಸಾಧನದ ಗುಂಡಿ ಒತ್ತಿದರೆ ಹತ್ತಿರದ ಬಸ್ಸುಗಳ ಸಂಖ್ಯೆ ಕೇಳಿಸುತ್ತದೆ. ಬೇಕಾದದ್ದನ್ನು ಆರಿಸಿಕೊಂಡರೆ ಆ ಬಸ್ಸಿನ ಬಾಗಿಲ ಬಳಿಯ ಸ್ಪೀಕರ್ ದನಿ ಮಾಡಿ ದಾರಿ ತೋರುತ್ತದೆ. ಬೋರ್ಡಿನ ಕೆಲಸವನ್ನೇ ಇದು ದನಿಯಲ್ಲಿ ಮಾಡುತ್ತದೆ, ಒತ್ತಕ್ಷರದ ತೊಡಕಿಲ್ಲದೆ. ಆದರೆ ಟ್ರಿಪ್ ಮುಗಿದ ಮೇಲೆ ಸಂಖ್ಯೆ ಬದಲಿಸಲು ಮರೆತರೆ ಕಣ್ಣಿಲ್ಲದವರಿಗೆ ಆಗುವ ತೊಂದರೆ ಹೆಚ್ಚು: ತಪ್ಪು ಬೋರ್ಡನ್ನು ಕಣ್ಣಿದ್ದವರು ಇನ್ನೊಬ್ಬರನ್ನು ಕೇಳಿ ಸರಿಪಡಿಸಿಕೊಂಡಾರು, ತಪ್ಪು ದನಿಯನ್ನು ನಂಬಿದವರು ಬಸ್ ಹತ್ತಿಯೇಬಿಡುತ್ತಾರೆ. ಆದ್ದರಿಂದ ಮುಂದಿನ ಫಲಕ, ಪಕ್ಕದ ಫಲಕ, ಒಳಗಿನ ಪ್ರಕಟಣೆ, ಬಾಗಿಲ ದನಿ ಈ ನಾಲ್ಕಕ್ಕೂ ಟ್ರಿಪ್ಪಿನ ವಿವರ ಒಂದೇ ಕಡೆಯಿಂದ ಹೋಗುವಂತೆ ಕಟ್ಟಬೇಕು. ಜಿಪಿಎಸ್ ಇರುವ ಬಸ್ಸಿಗೆ ತಾನು ಕೊನೆಯ ನಿಲ್ದಾಣ ಮುಟ್ಟಿ ತಿರುಗಿದ್ದೇನೆಂಬುದು ತಿಳಿಯುತ್ತದೆ. ಬೋರ್ಡು ತಿರುಗಿಸುವ ಕೆಲಸವನ್ನು ಇನ್ನೂ ಡ್ರೈವರನ ನೆನಪಿಗೆ ಬಿಡಬೇಕಾಗಿಲ್ಲ.