ವಲಯ ವಿಜೇತರಿಗೆ ಶ್ರೇಯಾಂಕದಲ್ಲಿ ಅಗ್ರತೆ ಸಲ್ಲಬೇಕೆ?

ಮಳವಳ್ಳಿಯ ಶಾಲಾ ಕಬಡ್ಡಿ ತಂಡವೊಂದು ರಾಜ್ಯ ಮಟ್ಟದ ಕ್ರೀಡಾಕೂಟವನ್ನು ತಲುಪಬೇಕಾದರೆ ಏರಬೇಕಾದ ಮೆಟ್ಟಿಲುಗಳು ಹಲವು. ಹೋಬಳಿಯಲ್ಲಿ ಗೆದ್ದು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದು ಮಂಡ್ಯದ ಜಿಲ್ಲಾ ಕೂಟಕ್ಕೆ, ಅಲ್ಲಿ ಮದ್ದೂರು, ಪಾಂಡವಪುರ, ನಾಗಮಂಗಲ ಮೊದಲಾದ ಆರು ತಾಲ್ಲೂಕುಗಳನ್ನು ಹಿಂದಿಕ್ಕಿ ಮೈಸೂರು ವಿಭಾಗಕ್ಕೆ ಅದು ಬರಬೇಕು. ವಿಭಾಗದಲ್ಲಿರುವುದು ಎಂಟು ಜಿಲ್ಲೆ. ಅವುಗಳ ಪೈಕಿ ದಕ್ಷಿಣ ಕನ್ನಡ ಮತ್ತು ಉಡುಪಿ ಸಹ ಸೇರಿವೆ. ಪ್ರಶಾಂತ್ ಕುಮಾರ್ ರೈ, ಸುಕೇಶ್ ಹೆಗ್ಡೆ ಅವರಂಥ ದಾಳಿಗಾರರನ್ನು ಕೊಟ್ಟ ಕರಾವಳಿಯ ಎದುರು ಸೋತ ಮಂಡ್ಯದ ಹುಡುಗರು ಊರಿಗೆ ಹಿಂದಿರುಗುತ್ತಾರೆ. ಅದೇ ತಂಡ ಮತ್ತೊಂದು ವಿಭಾಗದಲ್ಲಿ ಆಡಿದ್ದರೆ ವಿಜೇತನಾಗಿ ಮುಂದೆ ಸಾಗುತ್ತಿತ್ತೇನೋ ಎಂಬ ಮಾತು ಪ್ರತಿ ವರ್ಷವೂ ಅಂಗಳದ ಅಂಚಿನಲ್ಲಿ ಕೇಳಿಬರುವಂಥದ್ದೇ.

ತಂಡಗಳನ್ನು ವಿಭಾಗ, ವಲಯ ಅಥವಾ ಗುಂಪುಗಳಾಗಿ ಹಂಚಿದ ಕ್ಷಣದಿಂದಲೇ ಈ ತಕರಾರು ಹುಟ್ಟಿಕೊಳ್ಳುತ್ತದೆ. ಶಾಲಾ ಕೂಟಗಳಲ್ಲಿ ಅದು ಪ್ರವೇಶದ ಪ್ರಶ್ನೆ. ವೃತ್ತಿಪರ ಲೀಗ್‌ಗಳಲ್ಲಿ ಅದು ಶ್ರೇಯಾಂಕದ ಪ್ರಶ್ನೆಯೂ ಹೌದು. ತನ್ನ ವಲಯದಲ್ಲಿ ಮೊದಲ ಸ್ಥಾನ ಪಡೆದ ತಂಡ, ಬೇರೊಂದು ವಲಯದಲ್ಲಿ ಎರಡನೆಯದಾಗಿಯೂ ತನಗಿಂತ ಹೆಚ್ಚು ಅಂಕ ಗಳಿಸಿದ ತಂಡಕ್ಕಿಂತ ಮೇಲೆ ಕೂರಬೇಕೆ? ಪ್ಲೇಆಫ್‌ನಲ್ಲಿ ಸುಲಭ ಹಾದಿ ಯಾರಿಗೆ ಸಲ್ಲಬೇಕು?

ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ನಿದರ್ಶನವೊಂದಿದೆ. ಅದು ನಮಗೆ ಲಾಭವಾದ ನಿದರ್ಶನವಾದ್ದರಿಂದ ಹೆಚ್ಚು ಚರ್ಚೆಯಾಗಲಿಲ್ಲ.

ಬುಲ್ಸ್ 78, ಮುಂಬಾ 86

ಪ್ರೊ ಕಬಡ್ಡಿ ಲೀಗ್ ತನ್ನ ಐದನೆಯ ಆವೃತ್ತಿಯಲ್ಲಿ, ಅಂದರೆ 2017ರಲ್ಲಿ, ಹನ್ನೆರಡು ತಂಡಗಳಿಗೆ ವಿಸ್ತರಿಸಿತು. ಆಗ ತಂಡಗಳನ್ನು ತಲಾ ಆರರಂತೆ 'ಎ' ಮತ್ತು 'ಬಿ' ವಲಯಗಳಾಗಿ ಹಂಚಲಾಯಿತು. 2018ರ ಅಕ್ಟೋಬರ್‌ನಲ್ಲಿ ಆರಂಭವಾದ ಆರನೆಯ ಆವೃತ್ತಿಯಲ್ಲೂ ಇದೇ ಪದ್ಧತಿ ಮುಂದುವರಿಯಿತು. ಪ್ರತಿ ತಂಡಕ್ಕೆ ಒಟ್ಟು 22 ಪಂದ್ಯ. ಅವುಗಳಲ್ಲಿ 15 ತನ್ನದೇ ವಲಯದ ಐದು ತಂಡಗಳೊಡನೆ, ತಲಾ ಮೂರು ಬಾರಿ. ಉಳಿದ ಏಳು ಎದುರು ವಲಯದ ತಂಡಗಳೊಡನೆ. ಪ್ರತಿ ವಲಯದ ಮೊದಲ ಮೂವರು ಪ್ಲೇಆಫ್‌ಗೆ ಅರ್ಹರು. ವಲಯ ವಿಜೇತರಿಬ್ಬರು ನೇರವಾಗಿ ಮೊದಲ ಕ್ವಾಲಿಫೈಯರ್‌ನಲ್ಲಿ ಸೆಣಸುವರು. ಗೆದ್ದವರು ಫೈನಲ್‌ಗೆ, ಸೋತವರಿಗೆ ಮತ್ತೊಂದು ಅವಕಾಶ. ಎರಡು ಮತ್ತು ಮೂರನೆಯ ಸ್ಥಾನದವರು ಎಲಿಮಿನೇಟರ್ ಆಡಬೇಕು. ಅಲ್ಲಿ ಸೋತರೆ ಮನೆಗೆ.

ಲೀಗ್ ಹಂತ ಮುಗಿದಾಗ 'ಎ' ವಲಯದಲ್ಲಿ ಗುಜರಾತ್ ಫಾರ್ಚೂನ್‌ಜೈಂಟ್ಸ್ 93 ಅಂಕಗಳೊಡನೆ ಅಗ್ರಸ್ಥಾನದಲ್ಲಿತ್ತು. ಎರಡನೆಯದು 86 ಅಂಕಗಳ ಯು ಮುಂಬಾ, ಮೂರನೆಯದು 68 ಅಂಕಗಳ ದಬಾಂಗ್ ಡೆಲ್ಲಿ. 'ಬಿ' ವಲಯದಲ್ಲಿ ಬೆಂಗಳೂರು ಬುಲ್ಸ್ 78 ಅಂಕ ಗಳಿಸಿ ಮೊದಲನೆಯದಾಯಿತು. ಬೆಂಗಾಲ್ ವಾರಿಯರ್ಸ್ 69, ಯುಪಿ ಯೋಧಾ 57. ಪಂದ್ಯಕ್ಕೆ ಐದು ಅಂಕ ದೊರೆಯುವ ಲೀಗ್‌ನಲ್ಲಿ ಬುಲ್ಸ್ 13 ಪಂದ್ಯ ಗೆದ್ದಿದ್ದರೆ ಮುಂಬಾ 15 ಗೆದ್ದಿತ್ತು. ಆದರೂ ಬುಲ್ಸ್‌ಗೆ ಎರಡು ಅವಕಾಶಗಳ ಹಾದಿ, ಮುಂಬಾಗೆ ಒಂದೇ ಪಂದ್ಯದ ಹಗ್ಗದ ಮೇಲಿನ ನಡಿಗೆ. ಕೊಚ್ಚಿಯಲ್ಲಿ ಆ ಹಗ್ಗ ಹರಿಯಿತು. ಲೀಗ್‌ನಲ್ಲಿ ತನಗಿಂತ 29 ಅಂಕ ಹಿಂದಿದ್ದ ಯುಪಿ ಯೋಧಾಗೆ ಮುಂಬಾ 29-34ರಿಂದ ಸೋತು ಹೊರನಡೆಯಿತು. ಬುಲ್ಸ್ ಗುಜರಾತನ್ನು 41-29ರಿಂದ ಮಣಿಸಿ, ಒಂದೇ ಪಂದ್ಯದಲ್ಲಿ ಫೈನಲ್ ತಲುಪಿತು.

ಆರೂ ತಂಡಗಳನ್ನು ಒಂದೇ ಅಂಕಪಟ್ಟಿಯಲ್ಲಿ ಜೋಡಿಸಿ ನೋಡಿದರೆ ಕುತೂಹಲಕರ ಸಂಗತಿಯೊಂದು ಗೋಚರಿಸುತ್ತದೆ. ಗುಜರಾತ್, ಮುಂಬಾ, ಬುಲ್ಸ್, ಬೆಂಗಾಲ್, ಡೆಲ್ಲಿ, ಯುಪಿ ಎಂಬ ಕ್ರಮ ಬರುತ್ತದೆ. ಮೊದಲಿಬ್ಬರಿಗೆ ಕ್ವಾಲಿಫೈಯರ್, ಮೂರನೆಯದಕ್ಕೆ ಆರನೆಯದು, ನಾಲ್ಕನೆಯದಕ್ಕೆ ಐದನೆಯದು ಎದುರಾಳಿ ಎಂದಿದ್ದರೆ ಬೆಂಗಾಲ್ ಮತ್ತು ಡೆಲ್ಲಿ ಆಗಲೂ ಪರಸ್ಪರ ಆಡುತ್ತಿದ್ದವು. ಗುಜರಾತ್ ಮತ್ತು ಯುಪಿಯ ಸ್ಥಾನವೂ ಕದಲುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ಎರಡೇ ಹೆಸರು: ಬುಲ್ಸ್ ಇದ್ದಲ್ಲಿ ಮುಂಬಾ, ಮುಂಬಾ ಇದ್ದಲ್ಲಿ ಬುಲ್ಸ್. ವಲಯ ವಿಜೇತರಿಗೆ ಅಗ್ರತೆ ಎಂಬ ನಿಯಮದ ಇಡೀ ಭಾರ ಒಂದೇ ತಂಡದ ಹೆಗಲ ಮೇಲೆ ಬಿದ್ದಿತ್ತು.

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಬುಲ್ಸ್ 38-33ರಿಂದ ಗುಜರಾತನ್ನು ಮತ್ತೊಮ್ಮೆ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಎತ್ತಿತು. ಲೀಗ್‌ನ ಅತಿ ಹೆಚ್ಚು ಅಂಕಗಳ ತಂಡವನ್ನು ಎರಡು ಸಲ ಕೆಡವಿದ ತಂಡದ ಪ್ರಶಸ್ತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗೆದ್ದವರ ಯೋಗ್ಯತೆ ಬೇರೆ, ನಿಯಮದ ನ್ಯಾಯ ಬೇರೆ. ಗುಜರಾತ್ ಎದುರು ಆ ಮೊದಲ ಕ್ವಾಲಿಫೈಯರ್ ಆಡುವ ಅವಕಾಶ ಮುಂಬಾಗೆ ಸಿಗಲೇ ಇಲ್ಲವಲ್ಲ.

ವಲಯದ ಪರವಾಗಿ ಹೇಳಬಹುದಾದದ್ದು

ವಲಯ ಪದ್ಧತಿಯನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಬುಲ್ಸ್‌ನ 78 ಮತ್ತು ಮುಂಬಾದ 86 ಒಂದೇ ತಕ್ಕಡಿಯಲ್ಲಿ ತೂಗಿದ ಅಂಕಗಳಲ್ಲ. ಮೂರನೆಯ ಎರಡು ಭಾಗಕ್ಕೂ ಹೆಚ್ಚು ಪಂದ್ಯಗಳನ್ನು ಅವು ಬೇರೆ ಬೇರೆ ಎದುರಾಳಿಗಳ ಮೇಲೆ ಆಡಿದ್ದವು. ದುರ್ಬಲ ವಲಯದಲ್ಲಿ ಎರಡನೆಯದಾದ ತಂಡವೂ ಅಂಕ ಬಾಚಿಕೊಳ್ಳಬಹುದು. ಸಮಬಲರ ವಲಯದಲ್ಲಿ ಮೊದಲನೆಯದೂ ಅಂಕಕ್ಕಾಗಿ ಹೆಣಗಬಹುದು. ತನ್ನೊಡನೆ ಒಂದೇ ವೇಳಾಪಟ್ಟಿ ಆಡಿದವರೆಲ್ಲರನ್ನೂ ಹಿಂದಿಕ್ಕಿದ್ದೇನೆ ಎಂಬುದೊಂದೇ ಆಗ ಖಚಿತ ಸಾಧನೆ. ಗುಂಪಿನ ಗೆಲುವಿಗೆ ಬೆಲೆಯೇ ಇಲ್ಲದಿದ್ದರೆ ಗುಂಪು ಮಾಡಿದ್ದಾದರೂ ಏಕೆ?

ಈ ಕೊನೆಯ ಪ್ರಶ್ನೆಯಲ್ಲೇ ಉತ್ತರವೂ ಅಡಗಿದೆ. ಗುಂಪು ಮಾಡುವುದಕ್ಕೆ ಕಾರಣ ಅನಿವಾರ್ಯವಾಗಿದ್ದರೆ ಅದರ ವಿಜೇತನಿಗೆ ಮನ್ನಣೆ ಸಲ್ಲಬೇಕು; ಕಾರಣವೇ ಇಲ್ಲದಿದ್ದರೆ ಮನ್ನಣೆಗೂ ಆಧಾರವಿಲ್ಲ. ರಣಜಿ ಟ್ರೋಫಿಯನ್ನು ವಲಯಗಳಾಗಿ ಹಂಚಿದ್ದಕ್ಕೆ ಹಿನ್ನೆಲೆಯಲ್ಲಿದ್ದದ್ದು ದೇಶದ ವಿಸ್ತಾರ ಮತ್ತು ರೈಲು ಪ್ರಯಾಣ. ಮೈಸೂರು ತಂಡ ದಕ್ಷಿಣ ವಲಯದಲ್ಲಿ ಮದ್ರಾಸ್, ಹೈದರಾಬಾದ್‌ಗಳೊಡನೆ ಸೆಣಸಿ ಗೆದ್ದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತಿತ್ತು. ಬಲಿಷ್ಠರೇ ಒಂದೆಡೆ ಸೇರಿದಾಗ ಎರಡನೆಯ ಸ್ಥಾನದವರಿಗೆ ಅನ್ಯಾಯವಾಗುತ್ತದೆಂಬ ಅರಿವು 1970-71ರಲ್ಲಿ ವಲಯಕ್ಕೆ ಇಬ್ಬರಂತೆ, 1992-93ರಲ್ಲಿ ಮೂವರಂತೆ ಪ್ರವೇಶ ಕೊಡಿಸಿತು. 2002-03ರಲ್ಲಿ ವಲಯಗಳನ್ನೇ ಕೈಬಿಡಲಾಯಿತು.

ಕೋವಿಡ್ ಕಾಲದ 2021-22ರ ಋತುವಿನಲ್ಲಿ ಮಾತ್ರ ಎಲೈಟ್ ತಂಡಗಳನ್ನು ನಾಲ್ಕರಂತೆ ಎಂಟು ಗುಂಪು ಮಾಡಿ, ವಿಜೇತರಿಗಷ್ಟೇ ನಾಕೌಟ್ ಪ್ರವೇಶ ನೀಡಲಾಗಿತ್ತು. ಗುಂಪು ಹಂತದಲ್ಲಿ ಪ್ರತಿ ತಂಡಕ್ಕೆ ಮೂರೇ ಪಂದ್ಯ. ಕರ್ನಾಟಕ 'ಸಿ' ಗುಂಪಿನಲ್ಲಿ ಮೊದಲನೆಯದಾಗಿ ಬಂದು, ಆಲೂರಿನ ಕ್ವಾರ್ಟರ್ ಫೈನಲ್‌ನಲ್ಲಿ ಉತ್ತರ ಪ್ರದೇಶಕ್ಕೆ ಐದು ವಿಕೆಟ್‌ಗಳಿಂದ ಸೋತಿತು. ಅಲ್ಲೊಂದು ಗಮನಾರ್ಹ ಏರ್ಪಾಡಿತ್ತು: ಎಂಟು ಗುಂಪು ವಿಜೇತರಲ್ಲೇ ಸಾಧನೆಯ ಆಧಾರದ ಮೇಲೆ ಕೊನೆಯ ಸ್ಥಾನ ಪಡೆದವರು ಪ್ಲೇಟ್ ವಿಜೇತರೊಡನೆ ಪ್ರೀಕ್ವಾರ್ಟರ್ ಫೈನಲ್ ಆಡಬೇಕಿತ್ತು. ಅದರಂತೆ ಆಡಿದ ಜಾರ್ಖಂಡ್, ನಾಗಾಲ್ಯಾಂಡ್ ಎದುರು ಮೊದಲ ಇನಿಂಗ್ಸ್‌ನಲ್ಲಿ 880 ರನ್ ಪೇರಿಸಿದ್ದು ಪ್ರತ್ಯೇಕ ಕತೆ. ಪ್ರವೇಶ ಗುಂಪಿನ ಗೆಲುವಿನಿಂದ, ಸ್ಥಾನ ಗಳಿಸಿದ ಅಂಕದಿಂದ ಎಂಬ ವಿವೇಕ ಆ ಏರ್ಪಾಡಿನಲ್ಲಿತ್ತು.

ಅಮೆರಿಕದಲ್ಲಿ ಈ ವಾದ ದಶಕಗಳಷ್ಟು ಹಳೆಯದು. ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ, ನಾಲ್ಕರಂತೆ ಎಂಟು ಡಿವಿಷನ್. ಋತುವಿಗೆ 17 ಪಂದ್ಯಗಳಷ್ಟೇ ಇರುವುದರಿಂದ ಎಲ್ಲರೂ ಎಲ್ಲರೊಡನೆ ಆಡುವುದು ಅಸಾಧ್ಯ. ಡಿವಿಷನ್ ವಿಜೇತರಿಗೆ ಮೊದಲ ನಾಲ್ಕು ಶ್ರೇಯಾಂಕ ಹಾಗೂ ತವರು ಅಂಗಳ ಕಟ್ಟಿಟ್ಟದ್ದು. 2010ರ ಋತುವಿನಲ್ಲಿ ಏಳು ಗೆದ್ದು ಒಂಬತ್ತು ಸೋತ ಸಿಯಾಟಲ್, ಹನ್ನೊಂದು ಗೆದ್ದಿದ್ದ ನ್ಯೂ ಆರ್ಲಿಯನ್ಸನ್ನು ತನ್ನೂರಿಗೆ ಕರೆಸಿಕೊಂಡು 41-36ರಿಂದ ಮಣಿಸಿತು. 2024ರ ಋತುವಿನಲ್ಲಿ 14 ಪಂದ್ಯ ಗೆದ್ದ ಮಿನೆಸೋಟಾ ಐದನೆಯ ಶ್ರೇಯಾಂಕಕ್ಕೆ ಇಳಿಯಬೇಕಾಯಿತು. ಗೆಲುವಿನ ಸಂಖ್ಯೆಯ ಮೇಲೆ ಶ್ರೇಯಾಂಕ ನೀಡಬೇಕೆಂಬ ಡೆಟ್ರಾಯಿಟ್ ತಂಡದ ಪ್ರಸ್ತಾವ 2025ರಲ್ಲಿ ಮಂಡನೆಯಾಗಿ, ಮತಕ್ಕೆ ಹೋಗುವ ಮುನ್ನವೇ ಹಿಂದೆ ಸರಿಯಿತು. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಮಾತ್ರ 2015ರಲ್ಲಿ ಡಿವಿಷನ್ ವಿಜೇತರ ಈ ಮೀಸಲನ್ನು ತೆಗೆದುಹಾಕಿತು.

ಐಪಿಎಲ್ ಹಾದಿ ಇನ್ನೂ ಸರಳ. 2022ರಲ್ಲಿ ತಂಡಗಳು ಹತ್ತಾದಾಗ ಅವುಗಳನ್ನು ಐದರಂತೆ ಎರಡು ಗುಂಪು ಮಾಡಿದ್ದು ಯಾರು ಯಾರೊಡನೆ ಎರಡು ಸಲ ಆಡಬೇಕೆಂದು ನಿರ್ಧರಿಸುವುದಕ್ಕಷ್ಟೇ. ಅಂಕಪಟ್ಟಿ ಒಂದೇ, ಗುಂಪಿನ ಅಗ್ರಸ್ಥಾನಕ್ಕೆ ಅಲ್ಲಿ ಹೆಸರೂ ಇಲ್ಲ. 2025ರಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಎರಡು ಅವಕಾಶಗಳ ಹಾದಿ ಹಿಡಿದದ್ದು ಆ ಒಂದೇ ಪಟ್ಟಿಯ ಎರಡನೆಯ ಸ್ಥಾನದಿಂದ.

22ರ ಲೆಕ್ಕ

ಕಬಡ್ಡಿಯಲ್ಲಿ ವಲಯಗಳಿಗೆ ದೂರದ ಕಾರಣವೂ ಇರಲಿಲ್ಲ. 2018ರಲ್ಲಿ ಲೀಗ್ ಊರಿಂದೂರಿಗೆ ಸಾಗುವ ಜಾತ್ರೆಯಂತಿತ್ತು. ತಂಡಗಳೆಲ್ಲ ಆ ಜಾತ್ರೆಯ ಜೊತೆಗೇ ಸಂಚರಿಸುತ್ತಿದ್ದವು. ಪಂದ್ಯಗಳ ಕೊರತೆಯಂತೂ ಇಲ್ಲವೇ ಇಲ್ಲ. ಹನ್ನೆರಡು ತಂಡಗಳ ಲೀಗ್‌ನಲ್ಲಿ ಪ್ರತಿ ತಂಡಕ್ಕೆ ಹನ್ನೊಂದು ಎದುರಾಳಿಗಳು. ಪ್ರತಿಯೊಬ್ಬರೊಡನೆ ಎರಡು ಸಲ ಆಡಿದರೆ ಆಗುವುದು ಸರಿಯಾಗಿ 22 ಪಂದ್ಯ, ವಲಯ ಪದ್ಧತಿಯಲ್ಲಿ ಆಡಿದಷ್ಟೇ! ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಒಂದು ದಿನವೂ ಹೆಚ್ಚು ಬೇಕಿರಲಿಲ್ಲ. ಎನ್‌ಎಫ್‌ಎಲ್‌ಗೆ ಇಲ್ಲದ ಈ ಅನುಕೂಲ ಕೈಯಲ್ಲಿದ್ದೂ ಎರಡು ಆವೃತ್ತಿಗಳನ್ನು ವಲಯಗಳಲ್ಲಿ ಆಡಿಸಿದ್ದು ಸಮರ್ಥನೀಯವೆನಿಸದು.

ಮಳವಳ್ಳಿಯ ಶಾಲಾ ತಂಡಕ್ಕೆ ಇಂಥ ಅನುಕೂಲವಿಲ್ಲ. ಪರೀಕ್ಷೆ, ಪಾಠಗಳ ನಡುವೆ ರಾಜ್ಯದ ಎಲ್ಲ ತಾಲ್ಲೂಕುಗಳೂ ಪರಸ್ಪರ ಆಡುವುದು ಆಗದ ಮಾತು. ಅಲ್ಲಿ ವಿಭಾಗ ಅನಿವಾರ್ಯ. ಆದ್ದರಿಂದ ವಿಭಾಗ ವಿಜೇತನ ಹಕ್ಕೂ ನ್ಯಾಯವಾದದ್ದೇ. ಬೇಕಿದ್ದರೆ ರಣಜಿಯ ಹಾದಿ ಹಿಡಿದು ವಿಭಾಗದ ಎರಡನೆಯ ತಂಡಕ್ಕೂ ಬಾಗಿಲು ತೆರೆಯಬಹುದು. ಕರಾವಳಿ ಮತ್ತು ಮಂಡ್ಯ ಒಂದೇ ವಿಭಾಗದಲ್ಲಿರುವಷ್ಟು ಕಾಲ ಅದರಿಂದ ರಾಜ್ಯ ಮಟ್ಟದ ಕಬಡ್ಡಿಗೆ ನಷ್ಟವೇನೂ ಆಗದು.

ಪ್ರೊ ಕಬಡ್ಡಿ 2019ರ ಏಳನೆಯ ಆವೃತ್ತಿಯಲ್ಲಿ ವಲಯಗಳನ್ನು ಕೈಬಿಟ್ಟು ಎಲ್ಲರೂ ಎಲ್ಲರೊಡನೆ ಎರಡು ಸಲ ಆಡುವ ಪದ್ಧತಿಗೆ ಬಂತು. ಮೊದಲ ಆರು ತಂಡಗಳು ಪ್ಲೇಆಫ್‌ಗೆ, ಅವುಗಳಲ್ಲಿ ಮೊದಲೆರಡು ನೇರ ಸೆಮಿಫೈನಲ್‌ಗೆ. ಹಾಲಿ ಚಾಂಪಿಯನ್ ಬುಲ್ಸ್ ಆ ವರ್ಷ ಆರನೆಯ ತಂಡವಾಗಿ ಒಳಬಂದು, ಯುಪಿ ಯೋಧಾ ಎದುರು ಹೆಚ್ಚುವರಿ ಅವಧಿಯಲ್ಲಿ 48-45ರಿಂದ ಗೆದ್ದು, ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಸೋತಿತು. ಫೈನಲ್ ಆಡಿದವರು ಅಂಕಪಟ್ಟಿಯ ಮೊದಲೆರಡು ಸ್ಥಾನದಲ್ಲಿದ್ದ ಡೆಲ್ಲಿ ಮತ್ತು ಬೆಂಗಾಲ್ ವಾರಿಯರ್ಸ್. ಗೆದ್ದದ್ದು ಬೆಂಗಾಲ್, 39-34ರಿಂದ.